ಎರಡು ಸೆಕೆಂಡಿನ ಸದ್ದು

ಬಾನೆಟ್ ಎತ್ತುವ ಮೊದಲೇ ಗಾಡಿಯ ರೋಗ ಹೇಳುವವನು ಎಂದು ಕಮಲಾಪುರದ ಡ್ರೈವರುಗಳೆಲ್ಲ ಭೀಮಶಾನ ಹೆಸರು ಹೇಳುತ್ತಿದ್ದರು. ಗಾಡಿ ಹೆದ್ದಾರಿಯಿಂದ ಇಳಿದು, ಬಾಳೆಹಣ್ಣಿನ ಅಂಗಡಿಗಳನ್ನು ದಾಟಿ, ಅವನ ತಗಡಿನ ಚಪ್ಪರದ ಕೆಳಗೆ ಬಂದು ನಿಲ್ಲುವಷ್ಟರಲ್ಲಿ, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಡದೆಯೇ, "ಮೂರನೇ ಸಿಲಿಂಡರ್ ಸರಿ ಹೊಡಿಯಾಕತ್ತಿಲ್ಲ ನೋಡ್ರಿ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತಿತ್ತು.

ಅವನ ಅಪ್ಪ ಕಮಲಾಪುರದಿಂದ ದುಡಿಯಲು ಹೋಗಿ ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ಫರಸಿಗಲ್ಲು ಹೊತ್ತವನು. ಮಗ ಕಲ್ಲು ಹೊರಬಾರದೆಂದು ಹದಿನಾಲ್ಕನೆಯ ವಯಸ್ಸಿಗೆ ಕಲಬುರಗಿಯ ಮೋಮಿನಪುರಕ್ಕೆ ಕರೆತಂದು, ನಬಿಸಾಬ್ ಎಂಬ ಮೇಸ್ತ್ರಿಯ ಗ್ಯಾರೇಜಿನಲ್ಲಿ ಬಿಟ್ಟುಹೋದ. ಯಾರ ಪೈಕಿ, ಯಾವ ಓಣಿ ಎಂದು ನಬಿಸಾಬ್ ಒಂದು ಮಾತೂ ಕೇಳಲಿಲ್ಲ. ತಾನು ಕುಡಿಯುತ್ತಿದ್ದ ಚಹಾವನ್ನೇ ಬಸಿಗೆ ಬಗ್ಗಿಸಿ ಮುಂದೆ ಹಿಡಿದ. ಆ ದಿನದಿಂದ ಭೀಮಶಾನಿಗೆ ಅವನು ಉಸ್ತಾದ್.

ಉಸ್ತಾದ್ ಕಲಿಸಿದ್ದು ಮೊದಲು ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನಲ್ಲ, ಕೇಳುವುದನ್ನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಸುತ್ತಿದ್ದ. "ಕಣ್ಣ ಮುಚ್ಚು ಬೇಟಾ. ಕಣ್ಣ ತೆರದಿದ್ರ ಕಿವಿ ಸುಸ್ತ ಆಗ್ತದ" ಎನ್ನುತ್ತಿದ್ದ. ಟ್ಯಾಪೆಟ್ ಸಡಿಲಾದ ಸದ್ದು, ಬೇರಿಂಗ್ ಸವೆದ ಸದ್ದು, ಪಿಸ್ಟನ್ ಕುಟ್ಟುವ ಸದ್ದು, ಒಂದೊಂದನ್ನೂ ಭೀಮಶಾ ಹಾಗೆ ಕಣ್ಣು ಮುಚ್ಚಿಯೇ ಕಲಿತ. ಇಪ್ಪತ್ತು ವರ್ಷ ಅಲ್ಲಿ ದುಡಿದು, ಮದುವೆಯಾಗಿ, ಹೆಂಡತಿ ಶೇವಂತಾಳನ್ನು ಕರೆದುಕೊಂಡು ತನ್ನೂರು ಕಮಲಾಪುರಕ್ಕೆ ಬಂದು ಸ್ವಂತ ಗ್ಯಾರೇಜು ಹಾಕಿದ. ಮನೆ ಅದರ ಹಿಂದೆಯೇ.

ಹೊಸ ನಮೂನೆಯ ಪೆಟ್ರೋಲ್ ಕಾರುಗಳು ಬರತೊಡಗಿದಾಗ ಅವನಿಗೂ ಒಮ್ಮೆ ದಿಗಿಲಾಗಿತ್ತು. ಅಂಥದೊಂದು ಎಂಜಿನ್ನು ಮೊದಲ ಸಲ ಕೈಗೆ ಸಿಕ್ಕಾಗ ಬಿಚ್ಚಲು ಧೈರ್ಯವಾಗದೆ, ಗಾಡಿಯನ್ನು ಮೋಮಿನಪುರಕ್ಕೆ ಒಯ್ದ. ಗುರು-ಶಿಷ್ಯ ಇಬ್ಬರೂ ಒಂದು ಇಡೀ ದಿನ ಅದರ ಮುಂದೆ ಕೂತರು.

ಎಂಜಿನ್ನೆಂದರೆ ಉಸಿರಾಡುವ ವಸ್ತು. ಗಾಳಿ ಒಳಗೆ ಬರಲು ಒಂದು ಬಾಗಿಲು, ಉರಿದ ಹೊಗೆ ಹೊರಗೆ ಹೋಗಲು ಇನ್ನೊಂದು. ಈ ಬಾಗಿಲುಗಳೇ ವಾಲ್ವ್. ಅವನ್ನು ಒತ್ತಿ ತೆರೆಯುವುದು ಉಬ್ಬುಗಳಿರುವ ಒಂದು ಸರಳು, ಕ್ಯಾಮ್ ಶಾಫ್ಟ್. ಅದನ್ನು ತಿರುಗಿಸುವುದು ಒಂದು ಚೈನು. ಹಳೆಯ ಎಂಜಿನ್ನುಗಳಲ್ಲಿ ಯಾವ ಬಾಗಿಲು ಯಾವ ಗಳಿಗೆಗೆ ತೆರೆಯಬೇಕೆಂಬುದು ಕಾರ್ಖಾನೆಯಲ್ಲೇ ಗೊತ್ತಾಗಿರುತ್ತಿತ್ತು, ಬದಲಾಗುತ್ತಿರಲಿಲ್ಲ. ಆದರೆ ನೆರಳಲ್ಲಿ ಕೂತವನ ಉಸಿರು ಬೇರೆ, ಚೀಲ ಹೊತ್ತು ದಿಬ್ಬ ಹತ್ತುವವನ ಉಸಿರು ಬೇರೆ. ನಿಂತಲ್ಲೇ ಮೆಲ್ಲಗೆ ಓಡುವಾಗ ಗಾಳಿಯ ಬಾಗಿಲು ತುಸು ತಡವಾಗಿ ತೆರೆದರೆ ಹಿತ. ಬೇಗ ತೆರೆದರೆ ಹೊಗೆ ಒಳಕ್ಕೆ ಬೆರೆತು ಎಂಜಿನ್ನು ನಡುಗುತ್ತದೆ. ಭಾರ ಬಿದ್ದಾಗ, ಏರಿನಲ್ಲಿ, ಅದೇ ಬಾಗಿಲು ತುಸು ಮೊದಲೇ ತೆರೆಯಬೇಕು. ಹಳೆಯ ಎಂಜಿನ್ನು ಎರಡಕ್ಕೂ ನಡುವಿನ ಒಂದು ಗಳಿಗೆಯನ್ನು ಹಿಡಿದುಕೊಂಡು ಜೀವನ ತಳ್ಳುತ್ತಿತ್ತು.

ಹೊಸದು ಹಾಗಲ್ಲ. ಅದರಲ್ಲಿ ಚೈನು ಕ್ಯಾಮ್ ಶಾಫ್ಟನ್ನು ನೇರವಾಗಿ ಹಿಡಿದಿರಲಿಲ್ಲ. ನಡುವೆ ಅಂಗೈಯಗಲದ ಒಂದು ಉಕ್ಕಿನ ಡಬ್ಬಿ ಇತ್ತು. ಡಬ್ಬಿಯ ಹೊರಗಿನ ಹಲ್ಲುಗಳಿಗೆ ಚೈನು. ಒಳಗೆ ನಾಲ್ಕು ರೆಕ್ಕೆಗಳ ಒಂದು ತುಂಡು, ಕ್ಯಾಮ್ ಶಾಫ್ಟಿಗೆ ಬಿಗಿದದ್ದು. ರೆಕ್ಕೆಗಳ ಎರಡೂ ಬದಿಗೆ ಆಯಿಲ್ ತುಂಬುವ ಜಾಗ. ಈ ಬದಿಯಿಂದ ಆಯಿಲ್ ಒತ್ತಿದರೆ ರೆಕ್ಕೆ ಒಂದಿಷ್ಟು ಮುಂದಕ್ಕೆ ಸರಿದು ವಾಲ್ವ್ ಬೇಗ ತೆರೆಯುತ್ತದೆ; ಆ ಬದಿಯಿಂದ ಒತ್ತಿದರೆ ತಡವಾಗಿ. ಆಯಿಲನ್ನು ಎತ್ತ ಬಿಡಬೇಕೆಂದು ಗಾಡಿಯ ಕಂಪ್ಯೂಟರ್ ಒಂದು ಸಣ್ಣ ಕರೆಂಟಿನ ವಾಲ್ವಿಗೆ ಹುಕುಂ ಕೊಡುತ್ತದೆ.

"ವಾಹ್ ರೇ! ಆಯಿಲ್ ಹಿಡದು ಆಟ ಆಡಸ್ಯಾರಲ್ಲೋ ಭೀಮ್ಯಾ" ಎಂದು ನಬಿಸಾಬ್ ಚಿಕ್ಕ ಹುಡುಗನ ಹಾಗೆ ನಕ್ಕಿದ್ದ.

ಆಮೇಲೆ ಡಬ್ಬಿಯೊಳಗೆ ಬೆರಳಾಡಿಸುತ್ತ ಅವನೇ ಒಂದು ಸಣ್ಣ ಪಿನ್ನು ಪತ್ತೆಹಚ್ಚಿದ. ಎಂಜಿನ್ನು ನಿಂತಾಗ ಆಯಿಲ್ ಕೆಳಗಿಳಿದುಹೋಗುತ್ತದೆ. ಆಗ ರೆಕ್ಕೆ ಸಡಿಲವಾಗಿ ಅಲ್ಲಾಡಬಾರದೆಂದು ಈ ಪಿನ್ನು ಒಂದು ತೂತಿನೊಳಗೆ ಕೂತು ಅದನ್ನು ಬಿಗಿಹಿಡಿಯುತ್ತದೆ. ತೂತು ಸವೆದರೆ ಹಿಡಿತ ತಪ್ಪುತ್ತದೆ. ಮುಂಜಾನೆ ತಣ್ಣಗಿರುವ ಎಂಜಿನ್ನನ್ನು ಶುರುಮಾಡಿದಾಗ, ಆಯಿಲ್ ಮೇಲಕ್ಕೇರಿ ತುಂಬುವವರೆಗೆ, ರೆಕ್ಕೆ ಡಬ್ಬಿಯ ಗೋಡೆಗೆ ಬಡಿದುಕೊಳ್ಳುತ್ತದೆ. ಎರಡೇ ಸೆಕೆಂಡು. ಆಮೇಲೆ ಎಲ್ಲ ಶಾಂತ. ಕಂಪ್ಯೂಟರಿಗೂ ಅದು ತಿಳಿಯುವುದಿಲ್ಲ, ಮೀಟರಿನಲ್ಲಿ ದೀಪವೂ ಹತ್ತುವುದಿಲ್ಲ. ಕೇಳಿದವನಿಗಷ್ಟೇ ಗೊತ್ತು.

ಮುಂದಿನ ವರ್ಷಗಳಲ್ಲಿ ಆ ಎರಡು ಸೆಕೆಂಡನ್ನು ಹಿಡಿಯುವುದರಲ್ಲಿ ಕಮಲಾಪುರದಿಂದ ಕಲಬುರಗಿವರೆಗೆ ಭೀಮಶಾನಿಗೆ ಸಾಟಿಯಿರಲಿಲ್ಲ. ಎಷ್ಟೋ ಎಂಜಿನ್ನುಗಳು ಅವನ ಕಿವಿಯಿಂದ ಉಳಿದುಕೊಂಡವು.

ಐವತ್ಮೂರು ದಾಟಿದ ವರ್ಷ ಅವನಿಗೆ ಮೊದಲು ಕೇಳಿಸದೆ ಹೋದದ್ದು ಗಾಡಿಯ ಸದ್ದಲ್ಲ, ಹೆಂಡತಿಯ ದನಿ. ಶೇವಂತಾ ದಿನಾ ಮುಂಜಾನೆ ಒಳಕೋಣೆಯಲ್ಲಿ ಬುದ್ಧವಂದನೆ ಹೇಳುತ್ತಿದ್ದಳು. ಒಂದು ದಿನ ಅವನು, "ಯಾಕ, ಇವತ್ತ ವಂದನಾ ಹೇಳಲಿಲ್ಲೇನು?" ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು. "ಈಗ ಮುಗಿಸಿ ಬಂದೀನಲ್ರೀ."

ನಂತರ ಕುಕ್ಕರಿನ ಸೀಟಿ ಹೋಯಿತು. ಬೆಳಗಿನ ಗುಬ್ಬಿಗಳು ಹೋದವು. ಡ್ರೈವರುಗಳು ಬೇಕೆಂದೇ ಮೆಲ್ಲಗೆ ಮಾತಾಡುತ್ತಿದ್ದಾರೆ ಎನಿಸತೊಡಗಿತು. ಯಾರಿಗೂ ಹೇಳದೆ ಅವನು ಕಲಬುರಗಿಯ ಜೇವರ್ಗಿ ಕಾಲೋನಿಯ ಒಬ್ಬ ಕಿವಿ ಡಾಕ್ಟರರ ಬಳಿಗೆ ಹೋದ. ಅವರು ಗಾಜಿನ ಕೋಣೆಯೊಳಗೆ ಕೂಡಿಸಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಇಳಿಜಾರಿನ ಹಾಗೆ ಬಿದ್ದ ಒಂದು ಗೆರೆ ತೋರಿಸಿದರು. ನಲವತ್ತು ವರ್ಷದ ಸುತ್ತಿಗೆ, ಗ್ರೈಂಡರ್, ಕಂಪ್ರೆಸರ್ ಸೇರಿ ಕಿವಿಯೊಳಗಿನ ನರಗಳನ್ನು ಕೊಂದಿದ್ದವು. ಸಣ್ಣ, ಚೂಪಾದ ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಕೊನೆಗೆ.

"ಔಷಧ ಅದೇನ್ರಿ?" ಎಂದು ಕೇಳಿದ.

"ಹೋಗಿದ್ದು ಬರೂದಿಲ್ಲ. ಮಷೀನ್ ಹಾಕ್ಕೊಂಡ್ರ ಮಾತು ಕೇಳಸ್ತದ. ಗ್ಯಾರೇಜ್ ಕೆಲಸ ಬಿಟ್ರ ಉಳದದ್ದರೆ ಉಳೀತದ."

ಭೀಮಶಾ ಎಲುಬಿಗೆ ಸ್ಕ್ರೂಡ್ರೈವರ್ ಒತ್ತಿ ಕೇಳುವ ಉಪಾಯ ಹೇಳಿದ. ಎಲುಬಿನಿಂದ ಹೋದರೂ ಸದ್ದು ಮುಟ್ಟಬೇಕಾದ್ದು ಅದೇ ನರಗಳನ್ನು ಎಂದು ಡಾಕ್ಟರರು ತಾಳ್ಮೆಯಿಂದ ತಿಳಿಸಿದರು. ಮನೆಗೆ ಬಂದು ಅವನು ಶೇವಂತಾಳಿಗೆ, "ಗುಗ್ಗಿ ತುಂಬಿತ್ತಂತ, ತಗದ್ರು" ಎಂದ. ಮಷೀನಿನ ಮಾತು ಎತ್ತಲಿಲ್ಲ. ಕಿವಿಗೆ ಮಷೀನು ಸಿಕ್ಕಿಸಿಕೊಂಡ ಮೇಸ್ತ್ರಿಯ ಬಳಿಗೆ ಯಾರು ಎಂಜಿನ್ ತರುತ್ತಾರೆ?

ಅಂದಿನಿಂದ ಅವನು ತಲೆಯಾಡಿಸುವುದನ್ನು ಕಲಿತ. ಎದುರಿನವರ ತುಟಿ ನಿಂತಾಗ ತಲೆಯಾಡಿಸಿದರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತಿತ್ತು. ಎಂಜಿನ್ನಿನ ಮೇಲೆ ಅಂಗೈಯಿಟ್ಟು ನಡುಕ ನೋಡುತ್ತಿದ್ದ, ಹೊಗೆ ಮೂಸುತ್ತಿದ್ದ, ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡುತ್ತಿದ್ದ. ಅಷ್ಟರಿಂದಲೇ ಬಹಳ ಕೆಲಸ ನಡೆಯುತ್ತಿತ್ತು. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಶೇವಂತಾಳಿಗೆ ಮಾತ್ರ ಗೊತ್ತಿತ್ತೇನೋ. ಅವಳು ಅವನೆದುರಿಗೆ ಬಂದು ನಿಂತೇ ಮಾತಾಡತೊಡಗಿದ್ದಳು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಶೀಲಾ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಜೇವರ್ಗಿ ಕಾಲೋನಿಯಿಂದ ದಿನಾ ತನ್ನ ಬಿಳಿ ಕಾರಿನಲ್ಲಿ ಓಡಾಡುತ್ತಿದ್ದರು. ಗಂಡನಿಗೆ ಯಾದಗಿರಿಯಲ್ಲಿ ನೌಕರಿ. ಮನೆಯಲ್ಲಿ ಅವರು ಮತ್ತು ಅತ್ತೆ ಅಂಬಮ್ಮ. ಆರು ವರ್ಷಗಳಿಂದ ಆ ಕಾರಿಗೆ ಭೀಮಶಾನನ್ನು ಬಿಟ್ಟರೆ ಇನ್ನೊಬ್ಬರ ಕೈ ತಾಗಿರಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬಂದರು.

"ಭೀಮಶಾ, ಮುಂಜಾನಿ ಚಾಲೂ ಮಾಡಿದಾಗ ಮುಂದ ಏನೋ ಕಟಕಟ ಅಂತದ ನೋಡ್ರಿ. ಒಂದೆರಡು ಸೆಕೆಂಡ್ ಅಷ್ಟ. ಆಮ್ಯಾಲ ಏನೂ ಇಲ್ಲ."

ಇದನ್ನು ಅವನು ಅವರ ತುಟಿಗಳಿಂದ, ಬೆರಳುಗಳಿಂದ ಪೂರ್ತಿ ತಿಳಿದುಕೊಂಡ. ಯಾವುದೆಂದು ಗೊತ್ತಿತ್ತು. ಆದರೆ ಕಟಕಟ ಎನ್ನುವುದು ಒಂದೇ ಅಲ್ಲವಲ್ಲ. ತಗಡು ಸಡಿಲಾದರೂ ಕಟಕಟ, ಬೆಲ್ಟಿನ ರಾಟೆ ಒಣಗಿದರೂ ಕಟಕಟ. ಕೇಳದೆ ಹೇಳುವಂತಿಲ್ಲ.

"ಗಾಡಿ ಇಲ್ಲೇ ಬಿಟ್ಟು ಹೋಗ್ರಿ ಅಕ್ಕೋರ. ನಾಳಿ ಮುಂಜಾನಿ ತಣ್ಣಗ ಇದ್ದಾಗ ನೋಡ್ತೀನಿ."

ಮರುದಿನ ಏಳು ಗಂಟೆಗೆ ಅವನು ಕಾರಿನ ಬಾನೆಟ್ ಎತ್ತಿದ. ಬಾಗಿಲು ತೆರೆದಿಟ್ಟು, ಹೊರಗೆ ನಿಂತೇ ಕೈ ಚಾಚಿ ಚಾವಿ ತಿರುವಿದ. ಅವಕಾಶ ಇದ್ದದ್ದು ಒಂದೇ. ಒಮ್ಮೆ ಆಯಿಲ್ ಏರಿದರೆ ಮತ್ತೆ ಇಳಿಯಲು ಬಹಳ ಹೊತ್ತು ಬೇಕು.

ಎಂಜಿನ್ನು ಹೊತ್ತಿಕೊಂಡಿತು. ದಪ್ಪನೆಯ ಒಂದು ಗುಂಯ್ ಸದ್ದು ಬಂತು. ಅಷ್ಟೇ. ಕಣ್ಣು ಮುಚ್ಚಿದ. ಗುಂಯ್ ಎನ್ನುವುದೇ ಮುಂದುವರಿಯಿತು. ಎರಡು ಸೆಕೆಂಡು ಕಳೆದುಹೋಗಿತ್ತು.

ಶೇವಂತಾ ಹಿಂದಿನ ಅಂಗಳದಲ್ಲೇ ಇದ್ದಳು. ರಸ್ತೆಯ ಆಚೆ ವಿವೇಕಾನಂದ ತನ್ನ ಕ್ರೂಸರ್ ತೊಳೆಯುತ್ತಿದ್ದ. ಕಲಬುರಗಿ-ಕಮಲಾಪುರ ನಡುವೆ ಹದಿನೆಂಟು ವರ್ಷ ಗಾಡಿ ಓಡಿಸಿದವನು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಇನ್ನೊಂದು ದಿನ ಗಾಡಿ ನಿಲ್ಲಿಸಿಕೊಂಡು, "ನೀ ಒಂಚೂರು ಕೇಳಿ ಹೇಳೋ ತಮ್ಮಾ" ಎಂದಿದ್ದರೆ ಸಾಕಿತ್ತು. ಭೀಮಶಾ ಗಾಡಿಯ ಅಂಚಿಗೆ ಕೈಯೂರಿ ನಿಂತ. ಸದ್ದು ಬಂದಿಲ್ಲದೆಯೂ ಇರಬಹುದು ಎಂದುಕೊಂಡ. ಬಂದಿದ್ದರೆ ಇಷ್ಟು ವರ್ಷದ ಕಿವಿಗೆ ಒಂದಿಷ್ಟಾದರೂ ತಾಗುತ್ತಿರಲಿಲ್ಲವೇ? ಹಾಗೆ ಅಂದುಕೊಳ್ಳುತ್ತ ಅಂದುಕೊಳ್ಳುತ್ತ ಅರ್ಧ ನಂಬಿಯೂಬಿಟ್ಟ. ಆಯಿಲ್ ಬದಲಿಸಿದ, ಫಿಲ್ಟರ್ ಬದಲಿಸಿದ, ಬೆಲ್ಟು ಬಿಗಿದ.

ಬಸ್ಸಿನಲ್ಲಿ ಬಂದಿಳಿದ ಶೀಲಾ ಕೇಳಿದರು, "ಏನ್ ಇತ್ತರೀ?"

"ಏನೂ ಇಲ್ರಿ ಅಕ್ಕೋರ. ಆಯಿಲ್ ಹಳೇದಾಗಿತ್ತು, ಬದಲಿ ಮಾಡೀನಿ. ಇನ್ನೂ ನಾಲ್ಕ್ ದಿನ ಸದ್ದು ಬಂದ್ರೂ ಅಂಜಬ್ಯಾಡ್ರಿ."

"ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಎಂದು ಅವರು ನಗುತ್ತ ಚಾವಿ ತೆಗೆದುಕೊಂಡರು.

ಆಮೇಲೂ ಅವರಿಗೆ ಆ ಸದ್ದು ದಿನಾ ಕೇಳಿಸುತ್ತಲೇ ಇತ್ತು. ಭೀಮಶಾ ಏನೂ ಇಲ್ಲ ಎಂದಿದ್ದನಲ್ಲ, ಹಾಗಾಗಿ ಅವರು ಅದಕ್ಕೆ ಒಗ್ಗಿಹೋದರು.

ಏಳು ವಾರ ಕಳೆದ ಮೇಲೆ ಒಂದು ಭಾನುವಾರ, ಶೀಲಾ ಅತ್ತೆಯನ್ನು ಕೂಡಿಸಿಕೊಂಡು ಕಮಲಾಪುರಕ್ಕೆ ಹೊರಟರು. ಅಂಬಮ್ಮನ ತವರು ಕಮಲಾಪುರವೇ. ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಎಪ್ಪತ್ತನಾಲ್ಕು ವರ್ಷದ ಮುದುಕಿ ಹೊಸ ಇಳಕಲ್ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮಹಾಗಾಂವ್ ಕ್ರಾಸ್ ದಾಟಿ, ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಶೀಲಾ ಎಕ್ಸಿಲರೇಟರ್ ಒತ್ತಿದಾಗ, ಎಂಜಿನ್ನಿನೊಳಗೆ ಏನೋ ಮುರಿದು ಗಾಡಿ ಒಮ್ಮೆಲೇ ಸತ್ತುಹೋಯಿತು. ಸ್ಟೇರಿಂಗು ಕಲ್ಲಿನಂತೆ ಬಿಗಿಯಿತು. ಹಿಂದಿನಿಂದ ಬರುತ್ತಿದ್ದ ಮಾಲಿನ ಗಾಡಿಯವನು ಬ್ರೇಕು ಹಾಕಿದರೂ ಪೂರ್ತಿ ನಿಲ್ಲಿಸಲಾಗದೆ ಕಾರಿನ ಹಿಂಬದಿಗೆ ಗುದ್ದಿದ. ಬೆಲ್ಟು ಕಟ್ಟಿಕೊಂಡಿದ್ದ ಶೀಲಾರಿಗೆ ಏನೂ ಆಗಲಿಲ್ಲ. ಅಂಬಮ್ಮ ಎರಡು ಸೀಟಿನ ನಡುವೆ ಬಿದ್ದಳು. ಸೊಂಟದ ಕೀಲು ಮುರಿಯಿತು.

ಸುದ್ದಿ ತಂದವನು ವಿವೇಕಾನಂದ. ಅವನದೇ ಕ್ರೂಸರಿನಲ್ಲಿ ಮುದುಕಿಯನ್ನು ಮಲಗಿಸಿಕೊಂಡು ಕಲಬುರಗಿಯ ದವಾಖಾನೆಗೆ ಒಯ್ದಿದ್ದರು. ಭೀಮಶಾ ಅವನಿಂದ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡ.

"ಎಂಜಿನ್ ಯಾಕ ಬಂದ್ ಬಿತ್ತಂತ?"

"ಯಾರಿಗ್ಗೊತ್ತಣ್ಣ. ಓಡ್ತಾ ಓಡ್ತಾ ಸತ್ತಹೋತಂತ."

ಮರುದಿನ ಅವನು ಬಸ್ಸು ಹತ್ತಿದ. ಕಾರನ್ನು ಕಲಬುರಗಿಯ ರಿಂಗ್ ರೋಡಿನ ಒಂದು ದೊಡ್ಡ ಗ್ಯಾರೇಜಿಗೆ ಎಳೆದೊಯ್ದಿದ್ದರು. ಅಲ್ಲಿಯ ಮೆಕ್ಯಾನಿಕ್ ಎಂಜಿನ್ನಿನ ಮುಂಭಾಗ ಬಿಚ್ಚಿ, ತುಂಡುಗಳನ್ನು ಒಂದು ತಟ್ಟೆಯಲ್ಲಿ ಹರಡಿದ್ದ. ಭೀಮಶಾ ತಾನು ಯಾರೆಂದು ಹೇಳದೆ ಆ ಉಕ್ಕಿನ ಡಬ್ಬಿಯನ್ನು ಎತ್ತಿಕೊಂಡ. ಪಿನ್ನಿನ ತೂತಿಗೆ ಕಿರುಬೆರಳು ಇಟ್ಟ. ದುಂಡಗಿರಬೇಕಾದ ತೂತು ಹುಣಸೆ ಬೀಜದ ಹಾಗೆ ಸೊಟ್ಟಗಾಗಿತ್ತು. ದಿನಾ ಮುಂಜಾನೆ ಬಡಿದು ಬಡಿದು ಚೈನು ಸಡಿಲಾಗಿ, ಅದನ್ನು ಬಿಗಿಹಿಡಿಯುವ ಪಟ್ಟಿ ಮುರಿದು, ಚೈನು ಹಲ್ಲು ತಪ್ಪಿಸಿಕೊಂಡಿತ್ತು. ಬಾಗಿಲು ತೆರೆಯುವ ಗಳಿಗೆ ತಪ್ಪಿದಾಗ ಪಿಸ್ಟನ್ ಬಂದು ವಾಲ್ವುಗಳಿಗೆ ಗುದ್ದಿತ್ತು. ಎಂಟು ವಾಲ್ವುಗಳು ಬಾಗಿದ್ದವು.

ಮೆಕ್ಯಾನಿಕ್ ಅವನ ಪಕ್ಕಕ್ಕೇ ಬಂದು ದೊಡ್ಡ ದನಿಯಲ್ಲಿ ಹೇಳಿದ, "ಇದು ತಿಂಗಳಗಟ್ಟಲೆ ಬಡ್ಕೊಂಡದ ನೋಡ್ರಿ. ಕಿವಿ ಇದ್ದಂವ ಒಬ್ಬನೂ ಇದನ್ನ ಕೇಳಲಿಲ್ಲೇನು?"

ಭೀಮಶಾ ತಲೆಯಾಡಿಸಿದ. ಡಬ್ಬಿಯನ್ನು ತಟ್ಟೆಯಲ್ಲಿಟ್ಟು ಹೊರಗೆ ಬಂದ. ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಕಾಲು ತಾನಾಗಿಯೇ ಮೋಮಿನಪುರದ ದಾರಿ ಹಿಡಿಯಿತು.

ನಬಿಸಾಬನಿಗೆ ಈಗ ಎಂಬತ್ತು. ಗ್ಯಾರೇಜು ಮುಚ್ಚಿ ಬಹಳ ವರ್ಷವಾಗಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಸೊಸೆ ಅಫ್ರೀನ್ ಚಹಾ ತಂದಿಟ್ಟು ಏನೋ ಕೇಳಿದಳು, ಭೀಮಶಾ ತಲೆಯಾಡಿಸಿದ. ಅವಳು ಮತ್ತೊಮ್ಮೆ ಕೇಳಿದಳು. ನಬಿಸಾಬ್ ಅವಳಿಗೆ ಒಳಗೆ ಹೋಗೆಂದು ಸನ್ನೆ ಮಾಡಿ, ಶಿಷ್ಯನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಎಷ್ಟ್ ದಿನಾ ಆತೋ?"

"ವರ್ಷದ ಮ್ಯಾಲಾತು ಉಸ್ತಾದ್."

ಹೇಳತೊಡಗಿದವನು ನಿಲ್ಲಿಸಲಿಲ್ಲ. ಡಾಕ್ಟರರ ಗೆರೆ, ಗುಗ್ಗಿಯ ಸುಳ್ಳು, ಏಳು ಗಂಟೆಯ ಆ ಮುಂಜಾನೆ, ಅಂಬಮ್ಮನ ಸೊಂಟ, ಎಲ್ಲ ಹೇಳಿದ. ನಬಿಸಾಬನ ಕೈ ಅವನ ಮೊಣಕಾಲಿನ ಮೇಲೇ ಇತ್ತು.

"ಕಿವಿ ಹೋಗಿದ್ದು ನಿನ್ನ ತಪ್ಪಲ್ಲ ಬೇಟಾ" ಎಂದು ಮುದುಕ ಅವನ ಕಿವಿಯ ಹತ್ತಿರ ಬಾಯಿ ತಂದು ಬಿಡಿಸಿ ಬಿಡಿಸಿ ಹೇಳಿದ. "ಇಪ್ಪತ್ತು ವರ್ಷ ಗ್ರೈಂಡರ್ ನಿನ್ನ ಕೈಗೇ ಕೊಟ್ಟಿದ್ದೆ. ಕಿವಿಗೆ ಹತ್ತಿ ಹಾಕ್ಕೋ ಅಂತ ನಾ ಒಂದಿನ ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ."

"ಆ ದಿನ ಶೇವಂತಾನ್ನರೆ ಕರೀಬೇಕಿತ್ತು ಉಸ್ತಾದ್."

"ಕರೀಬೇಕಿತ್ತು."

"ಈಗ ನಾ ಏನ್ ಮಾಡ್ಲಿ?"

ನಬಿಸಾಬ್ ಚಹಾದ ಕಪ್ಪನ್ನು ಶಿಷ್ಯನ ಕಡೆಗೆ ಸರಿಸಿದ. ಯಾವ ಎಂಜಿನ್ನಿನ ಮುಂದೆಯೂ ಹೀಗೆ ಕೈಚೆಲ್ಲಿದವನಲ್ಲ. "ನನ್ನ ಕಡೆ ಇದಕ್ಕ ದವಾ ಇಲ್ಲೋ ಭೀಮ್ಯಾ" ಎಂದ. "ಚಹಾ ಕುಡಿ, ಆರಾಕತ್ತದ."

ಹದಿನೈದು ದಿನದ ಮೇಲೆ ಅಂಬಮ್ಮನನ್ನು ದವಾಖಾನೆಯಿಂದ ಮನೆಗೆ ತಂದರೆಂದು ಗೊತ್ತಾದಾಗ ಭೀಮಶಾ ಜೇವರ್ಗಿ ಕಾಲೋನಿಗೆ ಹೋದ. ಕೈಯಲ್ಲಿ ಒಂದು ಡಜನ್ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದಿದ್ದ. ಬರಿಗೈಯಲ್ಲಿ ಹೋಗಲಾಗದು, ಏನು ಒಯ್ದರೂ ಸರಿಯೆನಿಸದು.

ಶೀಲಾ ಬಾಗಿಲು ತೆರೆದು, "ಬರ್ರಿ ಭೀಮಶಾ, ನೀವು ಇಷ್ಟು ದೂರ ಯಾಕ ಬರಾಕ ಹೋದ್ರಿ" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಅವನನ್ನು ಅತ್ತೆಯ ಮಂಚದ ಬಳಿ ಕುರ್ಚಿಯಲ್ಲಿ ಕೂಡಿಸಿ, ಚಹಾ ಇಡಲು ಒಳಗೆ ಹೋದರು.

ಅಂಬಮ್ಮ ಕಿಟಕಿಯ ಬದಿಗೆ ಅಂಗಾತ ಮಲಗಿದ್ದಳು. ಎರಡು ಕಾಲಿನ ನಡುವೆ ಒಂದು ದಿಂಬು. ಕಮಲಾಪುರದವನೆಂದು ಗುರುತು ಹಿಡಿದು ಮುಖ ಅರಳಿಸಿದಳು. ಏನೋ ಹೇಳಿದಳು. ದನಿ ಎಳೆಯಷ್ಟು ಸಣ್ಣದಾಗಿತ್ತು, ಹಲ್ಲಿಲ್ಲದ ತುಟಿಗಳಿಂದ ಏನೂ ತಿಳಿಯುವಂತಿರಲಿಲ್ಲ. ಭೀಮಶಾ ತಲೆಯಾಡಿಸಿದ.

ಅವಳು ಕಾದಳು. ಮತ್ತೆ ಅದನ್ನೇ ಹೇಳಿದಳು. ಅವನು ಮತ್ತೆ, ಇನ್ನಷ್ಟು ವಿನಯದಿಂದ, ತಲೆಯಾಡಿಸಿ, "ಹೌದ್ರಿ ಆಯಿ" ಎಂದ. ಅವಳ ಹುಬ್ಬು ಗಂಟಾಯಿತು. ಹೊರಳಲು ನೋಡಿದಳು, ಆಗಲಿಲ್ಲ. ಕಣ್ಣಂಚಿನಲ್ಲಿ ನೀರು ಬಂತು.

ಬಾಗಿಲಿಗೆ ಬಂದ ಶೀಲಾ ಓಡಿ ಬಂದು ಮುದುಕಿಯ ಸೊಂಟದ ಕೆಳಗೆ ಕೈ ಹಾಕಿ ಒಂದಿಷ್ಟು ಹೊರಳಿಸಿದರು. ದಿಂಬು ಜಾರಿ ಮುರಿದ ಕಡೆಗೆ ಒತ್ತುತ್ತಿತ್ತು. ಸರಿಪಡಿಸಿ, ಅತ್ತೆಯ ಹಣೆ ಒರೆಸಿ, ಅವನ ಕಡೆಗೆ ತಿರುಗಿದರು.

"ದಿಂಬ ಸರಸು, ಒತ್ತಾಕತ್ತದ ಅಂತ ಎರಡ್ ಸಲ ಹೇಳಿದ್ರಲ್ರೀ. ಹೌದ್ರಿ ಅನ್ಕೋತ ಕೂತೀರಲ್ಲ?"

ಭೀಮಶಾ ಕುರ್ಚಿಯಿಂದ ಎದ್ದು ನಿಂತ.

"ನನಗ ಕೇಳಸಂಗಿಲ್ರಿ ಅಕ್ಕೋರ."

"ಏನು?"

"ಕಿವಿ ಹೋಗ್ಯಾವ. ಒಂದ ವರ್ಷದ ಮ್ಯಾಲಾತು. ನಿಮ್ಮ ಗಾಡಿ ಸದ್ದು ಅವತ್ತ ನನಗ ಕೇಳಲಿಲ್ಲ. ಕೇಳಲಿಲ್ಲ ಅಂತ ಹೇಳಬೇಕಿತ್ತು, ಏನೂ ಇಲ್ಲ ಅಂತ ಹೇಳಿದೆ. ಅದ ಸದ್ದರೀ ಅದು. ಅದರಿಂದ್ಲೇ ಆಗೇದ ಇದೆಲ್ಲ."

ಒಲೆಯ ಮೇಲೆ ಚಹಾ ಉಕ್ಕಿದ ವಾಸನೆ ಬಂತು. ಶೀಲಾ ಅಲ್ಲಾಡಲಿಲ್ಲ. ಅವರ ತುಟಿಗಳನ್ನೇ ನೋಡುತ್ತ ನಿಂತಿದ್ದ ಅವನಿಗೆ, ಅವು ಒಮ್ಮೆ ಮುಚ್ಚಿ ಮತ್ತೆ ತೆರೆದದ್ದು ಕಂಡಿತು.

"ನನಗ ದಿನಾ ಕೇಳಸ್ತಿತ್ತು" ಎಂದರು. "ದಿನಾ ಮುಂಜಾನಿ ಕೇಳಸ್ತಿತ್ತು. ನೀವು ಹೇಳೀರಿ ಅಂತ ನನ್ನ ಕಿವೀನ ನಾ ನಂಬಲಿಲ್ಲ."

ಅವರು ಒಂದು ಹೆಜ್ಜೆ ಮುಂದೆ ಬಂದರು.

"ಒಂದು ಮಾತು, ಭೀಮಶಾ. ಬ್ಯಾರೆ ಕಡೆ ತೋರಸ್ರಿ ಅಂದಿದ್ರ ನಾ ತೋರಸ್ತಿದ್ದೆ."

"ಹೌದ್ರಿ."

"ಈಗ ಹೋಗ್ರಿ ನೀವು."

ಅವನು ಹೊರಟ. ಗೇಟು ದಾಟುವಾಗ ಹಿಂದಿನಿಂದ ಅವರು ಇನ್ನೇನಾದರೂ ಹೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಆ ವಾರವೇ ಅವನು ಶೇವಂತಾಳಿಗೆ ಹೇಳಿದ. ಅವಳು, "ನನಗ ಗೊತ್ತಿತ್ತರಿ. ನೀವಾಗೇ ಹೇಳ್ತೀರಿ ಅಂತ ಕಾಯಾಕತ್ತಿದ್ದೆ" ಎಂದಳು. ಇಬ್ಬರೂ ಕಾಯುತ್ತ ಕೂತ ಆ ವರ್ಷದ ಬಗ್ಗೆ ಅವರು ಮತ್ತೆ ಮಾತಾಡಲಿಲ್ಲ. ಮಷೀನು ಹಾಕಿಸಿದಳು. ಅದರಿಂದ ಹೆಂಡತಿಯ ಮಾತು ತಿಳಿಯತೊಡಗಿತು. ಗ್ಯಾರೇಜಿನಲ್ಲಿ ಮಾತ್ರ ಎಲ್ಲ ಸದ್ದೂ ಒಟ್ಟಿಗೆ ನುಗ್ಗಿ, ತಗಡಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗಾಗುತ್ತಿತ್ತು. ಅದರಲ್ಲಿ ಯಾವುದು ಚೈನು, ಯಾವುದು ಬೇರಿಂಗು ಎಂದು ಬಿಡಿಸಲಾಗುತ್ತಿರಲಿಲ್ಲ.

ಅವಳನ್ನೇ ಬಾನೆಟ್ಟಿನ ಮುಂದೆ ನಿಲ್ಲಿಸಿಯೂ ನೋಡಿದ. "ಹ್ಯಾಂಗ ಕೇಳಸ್ತದ?" ಎಂದರೆ, ಒಮ್ಮೆ "ಸಾಸಿವಿ ಸಿಡದಂಗ" ಎನ್ನುತ್ತಿದ್ದಳು, ಇನ್ನೊಮ್ಮೆ "ಮೊರದಾಗ ಜ್ವಾಳ ಕೇರಿದಂಗ." ಅವನು ಆ ಮಾತನ್ನು ಹಿಡಿದು ತನ್ನ ನೆನಪಿನ ಸದ್ದುಗಳಲ್ಲೆಲ್ಲ ಹುಡುಕುತ್ತಿದ್ದ. ಸಿಕ್ಕಿತು ಎನಿಸುವಷ್ಟರಲ್ಲಿ ಅವಳು, "ಅಲ್ಲ ಅಲ್ಲ, ಜ್ವಾಳ ಅಲ್ಲ, ಕಡ್ಲಿ" ಎನ್ನುತ್ತಿದ್ದಳು. ಕೇಳುವವಳಿಗೆ ಹೆಸರು ಗೊತ್ತಿಲ್ಲ, ಹೆಸರು ಗೊತ್ತಿದ್ದವನಿಗೆ ಕೇಳುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಬಿಟ್ಟುಬಿಟ್ಟರು.

ಈಗ ಅವನು ಬ್ರೇಕು, ಕ್ಲಚ್ಚು, ಟೈರಿನ ಕೆಲಸ ಮಾಡುತ್ತಾನೆ. ಎಂಜಿನ್ನಿನ ಸದ್ದೆಂದು ಬಂದವರಿಗೆ, "ನನಗ ಕೇಳಸಂಗಿಲ್ರಿ, ಸಿಟಿಗೆ ಒಯ್ರಿ" ಎಂದು ಮೊದಲೇ ಹೇಳಿಬಿಡುತ್ತಾನೆ. ಕೆಲವರು ತಮಾಷೆ ಎಂದು ನಗುತ್ತಾರೆ. ವಿವೇಕಾನಂದ ಮಾತ್ರ ಈಗಲೂ ಕ್ರೂಸರ್ ತಂದು ನಿಲ್ಲಿಸಿ, ಬಾನೆಟ್ಟಿನ ಮೇಲೆ ಅವನ ಕೈ ಇಡಿಸಿಕೊಂಡು ಹೋಗುತ್ತಾನೆ. ಶೀಲಾ ಬಸ್ಸಿನಲ್ಲಿ ಓಡಾಡುತ್ತಾರೆ. ಸ್ಟಾಪು ಗ್ಯಾರೇಜಿಗೆ ಎದುರೇ ಇದೆ. ಇಳಿದು ನೇರವಾಗಿ ಶಾಲೆಯ ಕಡೆ ನಡೆದುಬಿಡುತ್ತಾರೆ.

ಒಂದು ದಿನ ಮಾತ್ರ ರಸ್ತೆ ದಾಟಿ ಬಂದರು. ಚಪ್ಪರದ ಹೊರಗೇ ನಿಂತು, ಅವನಿಗೆ ತಿಳಿಯುವಂತೆ ಮುಖ ಎದುರಿಗಿಟ್ಟು, "ಅತ್ತಿ ನಿಮ್ಮನ್ನ ಕೇಳಾಕತ್ತಾರ. ಊರ ಸುದ್ದಿ ಹೇಳಾಕ ಯಾರೂ ಇಲ್ಲ ಅವರಿಗೆ. ಪುರಸೊತ್ತ ಇದ್ರ ಬಂದು ಹೋಗ್ರಿ" ಎಂದರು. ಉತ್ತರಕ್ಕೆ ನಿಲ್ಲಲಿಲ್ಲ.

ಅಂದಿನಿಂದ ಭೀಮಶಾ ತಿಂಗಳಿಗೊಮ್ಮೆ ಹೋಗುತ್ತಾನೆ. ಅವನು ಹೋದಾಗ ಶೀಲಾ ಇನ್ನೊಂದು ಕೋಣೆಯಲ್ಲಿ ಪೇಪರ್ ತಿದ್ದುತ್ತ ಕೂರುತ್ತಾರೆ. ಅವನು ಮಂಚಕ್ಕೆ ಕುರ್ಚಿ ಎಳೆದುಕೊಂಡು ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಯಾರ ಹೊಲದಲ್ಲಿ ಬೋರು ಬಿತ್ತು ಎಂದು ಹೇಳುತ್ತಾನೆ. ಅಂಬಮ್ಮ ಸಣ್ಣ ದನಿಯಲ್ಲಿ ನಡುನಡುವೆ ಕೇಳುತ್ತಾಳೆ. ತಿಳಿಯದಿದ್ದರೆ ಅವನು, "ಇನ್ನೊಮ್ಮಿ ಹೇಳ್ರಿ ಆಯಿ" ಎಂದು ಅವಳ ಬಾಯಿಯ ಹತ್ತಿರ ಬಗ್ಗುತ್ತಾನೆ. ಒಂದೊಂದು ಮಾತನ್ನು ನಾಲ್ಕು ಸಲ ಹೇಳಿಸಿಕೊಳ್ಳುತ್ತಾನೆ, ಅವಳು ಬೇಸರಪಟ್ಟುಕೊಳ್ಳುವುದಿಲ್ಲ.

ಅವಳು ಇನ್ನೂ ಎದ್ದಿಲ್ಲ. ಸೊಂಟಕ್ಕೆ ಹಾಕಿದ ಕೀಲು ಸರಿಯಾಗಿಯೇ ಕೂತಿದೆ, ಕಾಲಲ್ಲಿ ಶಕ್ತಿಯಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ಹೋದ ಸಲ ಹೊರಡುವಾಗ ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು.

"ಅವತ್ತ ತೊಟ್ಟಲಿಗಿ ಹಾಕಿದ ಕೂಸಿಗಿ ಈಗ ನಡ್ಯಾಕ ಬರ್ತದಂತಲ್ಲೋ ತಮ್ಮಾ. ನನ್ನ ಯಾವಾಗ ಕರಕೊಂಡ್ ಹೋಗ್ತೀರಿ ಕಮಲಾಪುರಕ?"

ಇದು ಅವನಿಗೆ ಒಂದೇ ಸಲಕ್ಕೆ ತಿಳಿಯಿತು. ಇನ್ನೊಮ್ಮೆ ಹೇಳಿರೆಂದು ಕೇಳುವಂತಿರಲಿಲ್ಲ. ಆಚೆ ಕೋಣೆಯ ಬಾಗಿಲ ಕಡೆಗೆ ನೋಡಿದ. ಶೀಲಾ ಪೆನ್ನು ಹಿಡಿದು ತಲೆ ತಗ್ಗಿಸಿಯೇ ಇದ್ದರು. ಅವನು ತೋಳು ಬಿಡಿಸಿಕೊಳ್ಳದೆ, ಎದ್ದವನು ಮತ್ತೆ ಕುರ್ಚಿಯಲ್ಲಿ ಕೂತ.